ಗೋರೆಗಾಂವ್‌ನ ಎಡಗೈ ಬಾಸ್

ನಿಮ್ಮ ಹವ್ಯಾಸ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಸುಳ್ಳು ಹೇಳುತ್ತೇನೆ. ಓದುವುದು, ವಾಕಿಂಗ್ ಹೋಗುವುದು, ಹೀಗೆ ಏನೋ ಒಂದು. ನಿಜ ಹೇಳಿದರೆ ಎದುರಿನವರು ಒಮ್ಮೆ ನನ್ನನ್ನು, ಒಮ್ಮೆ ಕೈಗಡಿಯಾರವನ್ನು ನೋಡಿ ಎದ್ದು ಹೋಗುತ್ತಾರೆ. ನಿಜ ಇಷ್ಟೇ: ಹಳೆಯ ಆರ್ಕೆಸ್ಟ್ರಾ, ಮದುವೆ ಬ್ಯಾಂಡು, ಕಾಲೇಜು ಗ್ಯಾದರಿಂಗುಗಳ ಮಾಸಲು ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅದರಲ್ಲಿ ಯಾರದೋ ಹೆಗಲಿಗೆ ತೂಗಿರುವ ಎಲೆಕ್ಟ್ರಿಕ್ ಗಿಟಾರು ಯಾವ ದೇಶದ್ದು, ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂದು ಪತ್ತೆ ಹಚ್ಚುವುದು. ನುಡಿಸಲು ಬರುತ್ತದೆಯೇ ಎಂದು ದಯವಿಟ್ಟು ಕೇಳಬೇಡಿ. ಬರುವುದಿಲ್ಲ.

ಇದೇ ಹುಚ್ಚಿನ ಹನ್ನೊಂದು ಜನರದೊಂದು ಗ್ರೂಪು ನಮ್ಮ ಫೋನಿನಲ್ಲಿದೆ. ಹನ್ನೊಂದು ಜನರೂ ಗಂಡಸರು. ಒಂದು ಕಾಲಕ್ಕೆ ಒಬ್ಬ ಹುಡುಗಿ ಸೇರಿದ್ದಳು. ಒಂದು ಸ್ಕ್ರೂ ಚಪ್ಪಟೆ ತಲೆಯದೋ ಗುಂಡು ತಲೆಯದೋ ಎಂದು ನಾವು ನಾಲ್ಕು ದಿನ ಕಾದಾಡಿದ್ದನ್ನು ಕಂಡು, ಐದನೆಯ ದಿನ ಹೇಳದೆ ಕೇಳದೆ ಹೊರಟುಹೋದಳು. ಗ್ರೂಪಿನ ಹಿರಿಯರು ಬೊರಿವಲಿಯ ಒಬ್ಬ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಅವರು ಬರೆದದ್ದೇ ತೀರ್ಪು. ನಾನು ಎರಡನೆಯ ಸ್ಥಾನದವನು. ಲಿಫ್ಟ್ ರಿಪೇರಿ ಕಂಪನಿಯೊಂದರ ಆಫೀಸಿನಲ್ಲಿ ದೂರುಗಳನ್ನು ಬರೆದುಕೊಳ್ಳುವ ನನಗೆ ಜಗತ್ತಿನಲ್ಲಿ ಇನ್ನೆಲ್ಲೂ ಎರಡನೆಯ ಸ್ಥಾನ ಸಿಕ್ಕಿಲ್ಲವಾದ್ದರಿಂದ, ಅದನ್ನು ನಾನು ಜೋಪಾನವಾಗಿ ಕಾಪಾಡಿಕೊಂಡಿದ್ದೆ. ಆಫೀಸಿಗೆ ದಿನಾ ಲೋಕಲ್ ರೈಲಿನಲ್ಲಿ ಮುಲುಂಡ್‌ನಿಂದ ದಾದರ್, ದಾದರ್‌ನಲ್ಲಿ ಸೇತುವೆ ಹತ್ತಿ ಇಳಿದು ಗೋರೆಗಾಂವ್. ಆ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ ಸಾಗುತ್ತಲೇ ನಾನು ಒಂದು ಜರ್ಮನ್ ಗಿಟಾರಿನ ಬಗ್ಗೆ ಜಗಳವಾಡಿ ಗೆದ್ದಿದ್ದೇನೆ.

ಗುರುತಿಸುವುದು ಹೇಗೆ ಎಂದರೆ, ಮೊದಲು ತಲೆ ನೋಡಬೇಕು. ನುಡಿಸುವವನ ತಲೆಯಲ್ಲ, ಗಿಟಾರಿನದು. ಕತ್ತಿನ ತುದಿಯ ಹಲಗೆಗೆ ನಾವು ತಲೆ ಎನ್ನುತ್ತೇವೆ. ವೀಣೆಗೆ ಬಿರಡೆ ಇದ್ದ ಹಾಗೆ ಅಲ್ಲಿ ತಂತಿ ಬಿಗಿಯುವ ಬಿರಡೆಗಳಿರುತ್ತವೆ. ಅವು ಒಂದೇ ಸಾಲಿನಲ್ಲಿವೆಯೋ ಎರಡೂ ಬದಿಗೆ ಹಂಚಿವೆಯೋ ನೋಡಿದರೆ ಅರ್ಧ ಕೆಲಸ ಮುಗಿಯಿತು. ನಾಲ್ಕೇ ತಂತಿ, ಉದ್ದ ಕತ್ತು, ದಪ್ಪ ಬಿರಡೆ ಇದ್ದರೆ ಅದು ಬಾಸ್. ಜಪಾನಿನವರು ಸ್ವಿಚ್ಚುಗಳನ್ನು ಧಾರಾಳವಾಗಿ ಹಚ್ಚುತ್ತಿದ್ದರು, ಅರ್ಧ ಯಾಕಿವೆಯೆಂದು ಅವರಿಗೂ ಗೊತ್ತಿರಲಿಲ್ಲ. ಕಲ್ಕತ್ತೆಯವರು ಎಲ್ಲರದನ್ನೂ ನೋಡಿ ತಮ್ಮದೇ ಒಂದು ಮಾಡುತ್ತಿದ್ದರು. ನಮ್ಮ ಮುಂಬೈಯ ಬಡಗಿಗಳು ಯಾವುದೋ ಫೋಟೋ ತೋರಿಸಿದರೆ ಸಾಕು, ಬಾಗಿಲಿಗೆಂದು ತಂದ ಸಾಗುವಾನಿಯಲ್ಲೇ ಕೊರೆದು ಕೊಡುತ್ತಿದ್ದರು. ಅಂಥದ್ದನ್ನು ಹೆಗಲಿಗೆ ಹಾಕಿಕೊಂಡವನು ಮೂರನೆಯ ಹಾಡಿಗೆ ಬಾಗಿರುತ್ತಾನೆ. ಅದೂ ನಮಗೆ ಒಂದು ಸುಳಿವೇ.

ಈ ಗ್ರೂಪಿಗೆ ಹೋದ ವರ್ಷ ಗೋರೆಗಾಂವ್‌ನ ಒಬ್ಬಳು ಹುಡುಗಿ ಇಂಟರ್ನೆಟ್ಟಿಗೆ ಹಾಕಿದ್ದ ಒಂದು ವಿಡಿಯೋ ಬಂತು. ಅವಳ ಅಜ್ಜ ಸಣ್ಣ ಫಿಲ್ಮ್ ಕ್ಯಾಮೆರಾದಲ್ಲಿ ಹಿಡಿದದ್ದಂತೆ, ಕಾಲೊನಿಯ ಗಣೇಶೋತ್ಸವದ ಆರ್ಕೆಸ್ಟ್ರಾ. ಮೂರು ನಿಮಿಷ, ಸದ್ದಿಲ್ಲ. ಇನ್ನೂ ಬಿಸಿಲಿರುವಾಗಲೇ ಕಾರ್ಯಕ್ರಮ ಶುರುವಾಗಿದೆ. ತಟ್ಟಿಯ ಮುಂದೆ ಐದಾರು ಜನ, ಮಾವಿನೆಲೆಯ ತೋರಣ, ಬ್ಯಾನರು ಚೌಕಟ್ಟಿನಾಚೆ. ಅಂಗಿಯ ಗುಂಡಿ ಕಾಣದಷ್ಟು ಮಸುಕು. ಆದರೆ ಬಲಗಡೆ ನಿಂತ ತೆಳ್ಳನೆಯ ಮನುಷ್ಯನ ಕೈಯಲ್ಲಿ ಒಂದು ಬಾಸ್ ಇತ್ತು. ಅವನು ಅದನ್ನು ಎಡಗೈಯಲ್ಲಿ ನುಡಿಸುತ್ತಿದ್ದ.

ಹೊರಗಿನವರಿಗೆ ಇದು ಏನೂ ಅಲ್ಲ. ನಮಗೆ ಹಬ್ಬ. ಬಲಗೈಯ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸುವ ಎಡಚರು ಎಷ್ಟೋ ಮಂದಿ ಇದ್ದಾರೆ. ಆದರೆ ಇದರಲ್ಲಿ ಬಿರಡೆಗಳ ಸಾಲು, ಮೈಯ ಮೇಲ್ಬದಿಯ ಉದ್ದ ಕೊಂಬು, ಸದ್ದು ಏರಿಳಿಸುವ ಗುಬಟಿಗಳು ಎಲ್ಲವೂ ಎಡಚನಿಗಾಗಿಯೇ ಮಾಡಿದ ಹಾಗೆ ಇದ್ದವು. ಆ ಕಾಲದಲ್ಲಿ, ಈ ಊರಲ್ಲಿ, ಎಡಗೈ ಬಾಸ್! ನಾನು ಒಂದು ವಾರದ ಲಂಚ್ ಟೈಮನ್ನೆಲ್ಲ ಸುರಿದು ಇಪ್ಪತ್ತು ಅಂಶಗಳ ಪ್ರಬಂಧ ಬರೆದೆ. ಯಾರೋ ಹಡಗಿನ ನೌಕರ ಜಪಾನಿನ ಬಂದರಿನಿಂದ ಇದನ್ನು ತಂದಿರಬೇಕು, ಗೋವಾದ ಎಡಚನೊಬ್ಬನಿಗೆ ಕೊಟ್ಟಿರಬೇಕು ಎಂದೆಲ್ಲ ಕತೆ ಕಟ್ಟಿದೆ. ಆ ನೌಕರನಿಗೆ ನಾನು ಮೀಸೆ ಒಂದು ಇಟ್ಟಿರಲಿಲ್ಲ, ಅಷ್ಟೇ.

ಒಬ್ಬ ಮಾತ್ರ ಸಂಶಯ ಎತ್ತಿದ: ಚಿತ್ರವೇ ತಿರುಗುಮುರುಗಾಗಿ ಬಂದಿದ್ದರೆ? ಬೊರಿವಲಿಯ ಮೇಷ್ಟ್ರು ಅದಕ್ಕೂ ಉತ್ತರ ಕೊಟ್ಟರು. ವಿಡಿಯೋದ ಕೊನೆಗೆ ಕ್ಯಾಮೆರಾ ಮುಂದಿನ ಸಾಲಿನ ಹೆಂಗಸರ ಕಡೆ ತಿರುಗುತ್ತದೆ. ಎಲ್ಲರ ಸೆರಗೂ ಬಲ ಹೆಗಲ ಮೇಲೆ. ಬಲ ಹೆಗಲ ಮೇಲೆ ಸೆರಗು ಹಾಕುವವರು ಗುಜರಾತಿಗಳು. ಗೋರೆಗಾಂವ್‌ನಲ್ಲಿ ಗುಜರಾತಿಗಳಿಗೇನು ಬರ? ಆದ್ದರಿಂದ ಚಿತ್ರ ಸರಿಯಾಗಿಯೇ ಇದೆ. ಹನ್ನೊಂದು ಗಂಡಸರು ಈ ತರ್ಕಕ್ಕೆ ಹೆಬ್ಬೆರಳು ಎತ್ತಿದೆವು. ನಾನು ಇದನ್ನು ಇಪ್ಪತ್ತೊಂದನೆಯ ಅಂಶವಾಗಿ ಸೇರಿಸಿದೆ.

ಒಂದು ಭಾನುವಾರ ಮಧ್ಯಾಹ್ನ ಫೋನನ್ನು ಟೀವಿಗೆ ಹೊಂದಿಸಿ ದೊಡ್ಡದಾಗಿ ನೋಡುತ್ತ ಕೂತಿದ್ದೆ. ಅಪ್ಪ ಚಹಾದ ಕಪ್ಪು ಹಿಡಿದು ಹಿಂದೆ ಬಂದು ನಿಂತರು.

“ಅಲ್ಲೋ, ಇವಾ ನಾನ ಅಲ್ಲೇನ್?” ಎಂದರು.

ಇಲ್ಲಿ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಗದಗಿನ ಕಡೆಯವರು, ವಾಯರ್‌ಮನ್. ಮದುವೆಗೆ ಮುಂಚೆ ಕೆಲವು ವರ್ಷ ಒಂದು ಆರ್ಕೆಸ್ಟ್ರಾಕ್ಕೆ ದೀಪ, ಸ್ಪೀಕರು, ಆಂಪ್ಲಿಫಯರುಗಳ ವಯರಿಂಗ್ ಮಾಡುತ್ತಿದ್ದರು. ಇದು ಮನೆಯಲ್ಲಿ ಎಲ್ಲರೂ ಒಪ್ಪಿದ ಸತ್ಯ. ಒಪ್ಪದ ಸತ್ಯ ಇನ್ನೊಂದಿತ್ತು. ಒಮ್ಮೆ ಗಣಪತಿ ಹಬ್ಬದಲ್ಲಿ ಬೆಳಗಿನ ಮಳೆಗೆ ಲೋಕಲ್ ನಿಂತು, ಬಾಸ್ ನುಡಿಸುವವನು ವಸಯಿಯಲ್ಲೇ ಸಿಕ್ಕಿಬಿದ್ದಾಗ, ಆರ್ಕೆಸ್ಟ್ರಾದ ಬಾಸನ್ನು ತಾವೇ ಹೆಗಲಿಗೆ ಹಾಕಿಕೊಂಡು ನುಡಿಸಿದರು ಎಂಬುದು. ದಿನಾ ವಯರು ಚುಚ್ಚಿ ಪರೀಕ್ಷೆ ಮಾಡುವಾಗ ತಂತಿ ಮೀಟಿ ಮೀಟಿ ಅವರಿಗೆ ಎಲ್ಲಿ ಬೆರಳಿಟ್ಟರೆ ಏನು ಬರುತ್ತದೆಂದು ತಿಳಿದಿತ್ತಂತೆ. ನಾನು ಚಿಕ್ಕವನಿದ್ದಾಗ ಅವರು ನುಡಿಸಿದ್ದು ಒಂದೆರಡು ಹಾಡು. ನಾನು ಹತ್ತನೆಯ ಕ್ಲಾಸಿಗೆ ಬರುವಷ್ಟರಲ್ಲಿ ಅದು ಅರ್ಧ ಕಾರ್ಯಕ್ರಮವಾಗಿತ್ತು. ಈಚೆಗೆ ಮಂದಿ ಒನ್ಸ್ ಮೋರ್ ಎಂದು ಕೂಗಲೂ ಶುರು ಮಾಡಿದ್ದರು. ಬೀಗರು ಬಂದರೆ, ಪಕ್ಕದ ಮನೆಯವರು ಬಂದರೆ, ಗ್ಯಾಸಿನವನು ಬಂದರೂ ಈ ಕತೆ ಹೊರಬರುತ್ತಿತ್ತು. ಅವ್ವ ಅದು ಶುರುವಾದ ಕೂಡಲೇ ಹೊಲಿಗೆ ಮಷೀನು ಜೋರಾಗಿ ತುಳಿಯುತ್ತಿದ್ದಳು.

ಹೀಗಾಗಿ ಅಪ್ಪ ಟೀವಿಯತ್ತ ಬೆರಳು ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ.

“ಅಪ್ಪಾ, ಅವಾ ಎಡಚ. ನೀವು ಎಡಗೈಯಿಂದ ಒಂದ್ ಬಲ್ಬ್‌ನೂ ತಿರುವೂದಿಲ್ಲ.”

“ಎಡಾ ಬಲಾ ನನಗ ಗೊತ್ತಿಲ್ಲ. ಅವಾ ನಾನ. ಆ ತಟ್ಟಿ ಹಿಂದಿನ ಫ್ಯೂಜ್ ನಾನ ಹಾಕಿದ್ದು.”

“ಹಂಗಾರ ಕ್ಯಾಮೆರಾ ಸುಳ್ಳ ಹೇಳ್ತೈತೇನ್?”

“ಹೇಳ್ತಿರಬಹುದು. ನನಗೇನ ಗೊತ್ತು?” ಎಂದರು ಅಪ್ಪ. ಅವರು ಇನ್ನೂ ನಗುತ್ತಲೇ ಇದ್ದರು. ಟೀವಿಯ ಹತ್ತಿರ ಹೋಗಿ ಆ ಮಸುಕು ಮನುಷ್ಯನನ್ನು ನೋಡುತ್ತಿದ್ದರು.

ಆಗ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗ್ರೂಪಿನಲ್ಲಿ ಬರೆದೆ: ಇವತ್ತಿನ ಜೋಕು, ಈ ಎಡಗೈ ಬಾಸಿನವನು ತಾನೇ ಎಂದು ನಮ್ಮ ಅಪ್ಪ ಹೇಳುತ್ತಿದ್ದಾರೆ, ಬಲಗೈಯವರು, ವಾಯರ್‌ಮನ್. ಹಲ್ಲು ಕಿಸಿದ ಮುಖಗಳು ಸಾಲುಸಾಲಾಗಿ ಬಂದವು. ಒಬ್ಬ, ನಮ್ಮ ಮಾವ ಯುದ್ಧವಿಮಾನ ಓಡಿಸಿದ್ದರು ಎಂದು ಬರೆದ. ಬೊರಿವಲಿಯ ಮೇಷ್ಟ್ರು ಬರೆದರು: ವಾಯರ್‌ಮನ್ ಅಲ್ಲವೇ, ಪ್ಲಸ್ಸು ಮೈನಸ್ಸು ಅದಲುಬದಲಾಗಿರಬೇಕು. ಅದನ್ನು ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟಕ್ಕೆ ನಿಲ್ಲಿಸದೆ ಅಪ್ಪನಿಗೂ ಓದಿ ಹೇಳಿದೆ, ಅವರೂ ನಗುತ್ತಾರೆಂದು.

ಅಪ್ಪ ನಗಲಿಲ್ಲ. “ಎಲ್ಲಾರ್ಗೂ ಹೇಳಿದೇನ್?” ಎಂದು ಕೇಳಿದರು. ನಾನು ಹೂಂ ಎಂದೆ. ಅರ್ಧ ಕುಡಿದ ಚಹಾ ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಮನೆಯಲ್ಲಿ ಜಗಳ ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಪ್ಪ ಆ ಕತೆ ಹೇಳುವುದನ್ನೇ ನಿಲ್ಲಿಸಿಬಿಟ್ಟರು. ದಸರೆಗೆ ಹುಬ್ಬಳ್ಳಿಯಿಂದ ಸೋದರತ್ತೆಯ ಗಂಡ ಬಂದಿದ್ದರು. ಊಟವಾಗಿ ಎಲೆಅಡಿಕೆ ಹಾಕುತ್ತ ಅವರೇ ಬೇಕೆಂದು ಕೆದಕಿದರು: “ಭಾವಾರ, ನಿಮ್ಮ ಬಾಸಿಂದು ಒಂದ್ ಆಗ್ಲಿ!” ಅಪ್ಪ ಸುಣ್ಣ ಹಚ್ಚುತ್ತ, “ಎಂಥಾ ಬಾಸ್ ತಂದ್ರಿ. ನಾ ವಾಯರ್ ಹಿಡೀತಿದ್ದೆ, ಅಷ್ಟ” ಎಂದರು. ಅವ್ವ ಮಷೀನಿನ ಹತ್ತಿರ ಕೂತಿದ್ದವಳು ತಲೆ ಎತ್ತಿ ಅವರನ್ನು ನೋಡಿದಳು. ಮಷೀನು ತುಳಿಯಲಿಲ್ಲ. ಮೂವತ್ತು ವರ್ಷ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದ್ದ ಕತೆ ನಿಂತುಹೋದದ್ದಕ್ಕೆ ನನಗೆ ಇಷ್ಟು ಸಂಕಟವಾಗುತ್ತದೆಂದು ನಾನು ಎಣಿಸಿರಲಿಲ್ಲ. ಆದರೂ ನಾನೇನು ಮಾಡಬೇಕಿತ್ತು? ಅವರು ಹೇಳಿದ್ದು ಸುಳ್ಳು ಎಂದು ಇಪ್ಪತ್ತೊಂದು ಅಂಶಗಳು ಹೇಳುತ್ತಿದ್ದವು. ನಾನು ನೊಂದುಕೊಂಡೆ, ಆದರೆ ನಂಬಲಿಲ್ಲ.

ಅವ್ವ ಮುಲುಂಡ್‌ನ ನಮ್ಮ ಸೊಸಾಯ್ಟಿಯ ಹೆಂಗಸರಿಗೆಲ್ಲ ಸೀರೆಗೆ ಫಾಲ್ ಹಚ್ಚಿ, ಪಿಕೊ ಮಾಡಿ ಕೊಡುತ್ತಾಳೆ. ನಾಲ್ಕು ಬಿಲ್ಡಿಂಗಿನ ಸೀರೆಗಳು ಅವಳ ಕೈ ದಾಟಿಯೇ ಮದುವೆಗೆ ಹೋಗುವುದು. ದೀಪಾವಳಿಗೆ ಮುಂಚಿನ ಒಂದು ಶನಿವಾರ ಅವಳ ಸುತ್ತ ಸೀರೆಯ ರಾಶಿ. ನಾನು ಟೀವಿಯಲ್ಲಿ ಮತ್ತೆ ಅದೇ ವಿಡಿಯೋ ಹಾಕಿಕೊಂಡು ಬಾಸಿನ ಸ್ಕ್ರೂ ಎಣಿಸಲು ಹೆಣಗುತ್ತಿದ್ದೆ. ವಿಡಿಯೋ ಮುಂದೆ ಓಡಿ ಹೆಂಗಸರ ಸಾಲು ಬಂತು. ಅವರಲ್ಲಿ ಒಬ್ಬಳು ಅಳುವ ಕೂಸನ್ನೆತ್ತಿಕೊಂಡು, ಬೆನ್ನು ತಿರುಗಿಸಿ ಎದ್ದುಹೋಗುತ್ತಾಳೆ.

ಅವ್ವ ಸೂಜಿಯನ್ನು ತುಟಿಯಿಂದ ತೆಗೆದಳು. “ಇವರ್ಯಾಕ ಹಿಂಗ ಉಟ್ಟಾರ?”

“ಗುಜರಾತಿ ಮಂದಿ ಅವ್ವಾ. ಅವರು ಬಲಕ್ಕ ಸೆರಗ ಹಾಕ್ತಾರ.”

“ಯಾವ ಶಾಣ್ಯಾ ಹೇಳಿದ ನಿನಗ?”

“ಬೊರಿವಲಿ ಮೇಷ್ಟ್ರು.”

“ಹೌದಾ? ಅವರ ಹೆಂಡ್ತಿ ಏನ್ ಉಡ್ತಾಳಂತ ಕೇಳು” ಎಂದು ಅವ್ವ ಎದ್ದು ಬಂದಳು. ಕೈಯಲ್ಲಿದ್ದ ಯಾರದೋ ಹಸಿರು ರೇಷ್ಮೆ ಸೀರೆಯ ಸೆರಗನ್ನು ನನ್ನ ಬೆನ್ನ ಹಿಂದಿನಿಂದ ತಂದು ಬಲ ಹೆಗಲ ಮೇಲೆ ಹಾಯಿಸಿ ಎದೆಯ ಮೇಲೆ ಹರವಿದಳು. “ಗುಜರಾತಿ ಸೆರಗ ಹಿಂದಿಂದ ಮುಂದ ಬರ್ತೈತಿ. ಜರಿ ಎಲ್ಲಾ ಎದಿ ಮ್ಯಾಲೆ ಕಾಣಬೇಕು. ಆಕಿ ನೋಡು, ಎದ್ದ ಹೋದ್ಲಲ್ಲ, ಸೆರಗ ಬೆನ್ನ ಮ್ಯಾಲೆ ಜೋತಾಡ್ತೈತಿ. ಅದು ನಮ್ಮಂಗ ಉಟ್ಟದ್ದು. ನಮ್ಮಂಗ ಉಟ್ಟ ಸೆರಗ ಎಡ ಹೆಗಲ ಮ್ಯಾಲೆ ಇರಬೇಕು. ಅಷ್ಟೂ ಮಂದಿ ಕೂಡಿ ಒಂದ ದಿನ ಉಲ್ಟಾ ಉಟ್ಟಾರೇನ್?”

ನಾನು ಆ ಹಸಿರು ಸೆರಗು ಹೊದ್ದುಕೊಂಡೇ ನಿಂತಿದ್ದೆ. ಹನ್ನೊಂದು ಗಂಡಸರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಅವ್ವಂದಿರು, ಹೆಂಡಂದಿರು, ಅಕ್ಕತಂಗಿಯರು ಹುಟ್ಟಿದಾರಭ್ಯ ಕಣ್ಣೆದುರಿಗೆ ಸೀರೆ ಉಟ್ಟು ಓಡಾಡಿದ್ದಾರೆ. ನಾವು ನೋಡಿದ್ದು ಯಾವ ಹೆಗಲು ಎಂಬುದನ್ನು ಮಾತ್ರ, ಅದೂ ಗಿಟಾರಿನ ಸಲುವಾಗಿ.

ವಿಡಿಯೋ ಹಾಕಿದ್ದ ಗೋರೆಗಾಂವ್‌ನ ಹುಡುಗಿಗೆ ಮೆಸೇಜು ಮಾಡಿದೆ: ಅಜ್ಜನ ಫಿಲ್ಮನ್ನು ಫೋನಿಗೆ ಹೇಗೆ ತೆಗೆದಿರಿ? ಅವಳ ಉತ್ತರ ಹತ್ತು ನಿಮಿಷದಲ್ಲಿ ಹಿಂದಿಯಲ್ಲಿ ಬಂತು. ಬಾಡಿಗೆಯ ಪ್ರೊಜೆಕ್ಟರು ಬೆಡ್‌ರೂಮಿನಲ್ಲಿಟ್ಟು, ಬಾಗಿಲಿಗೆ ಬಿಳಿ ಬೆಡ್‌ಶೀಟು ಕಟ್ಟಿ ಅದರ ಮೇಲೆ ಫಿಲ್ಮ್ ಬಿಟ್ಟಿದ್ದರು. ಒಳಗೆ ಪ್ರೊಜೆಕ್ಟರು, ಮಂಚ, ಕಪಾಟು, ಅಜ್ಜಿ ಎಲ್ಲ ತುಂಬಿ ಫೋನು ಹಿಡಿದು ನಿಲ್ಲಲು ಜಾಗವಿರಲಿಲ್ಲ. ಹಾಗಾಗಿ ಹೊರಗೆ ಹಾಲಿನಲ್ಲಿ ನಿಂತು, ಬೆಡ್‌ಶೀಟಿನ ಈಚೆ ಬದಿಯಿಂದ, ಅಂದರೆ ಚಿತ್ರದ ಬೆನ್ನ ಕಡೆಯಿಂದ, ಹಿಡಿದಳಂತೆ. ಚೆನ್ನಾಗಿಯೇ ಕಾಣುತ್ತಿತ್ತಲ್ಲ, ಏನಾದರೂ ತೊಂದರೆಯೇ ಎಂದು ಕೇಳಿದಳು. ಜಪಾನಿನ ಬಂದರಿನ ನನ್ನ ನೌಕರ ಅಲ್ಲಿಯೇ ಮುಳುಗಿದ.

ಫೋನಿನಲ್ಲಿ ಚಿತ್ರ ತಿರುಗಿಸಲು ಒಂದು ಗುಂಡಿ ಇದೆ. ಒತ್ತಿದೆ. ಹೆಂಗಸರ ಸೆರಗುಗಳೆಲ್ಲ ಎಡ ಹೆಗಲಿಗೆ ಬಂದವು. ಬಾಸ್ ಬಲಗೈಗೆ ಬಂತು. ನಾನು ಎಂದಿನಂತೆ ಮೊದಲು ಬಿರಡೆ ನೋಡಿದೆ, ಆಮೇಲೆ ಕೊಂಬು, ಆಮೇಲೆ ಸ್ಕ್ರೂ. ಅವ್ವ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ, “ಅಯ್ಯ, ಅವರ ಅಲ್ಲೇನ್” ಎಂದಳು. ಆಗ ತಲೆ ಎತ್ತಿ ನೋಡಿದೆ. ಎಡಕ್ಕೆ ತೆಗೆದ ಬೈತಲೆ. ಮುಂದಕ್ಕೆ ಚಾಚಿದ ಕೆಳತುಟಿ, ಇವತ್ತಿಗೂ ಹೋಲ್ಡರಿಗೆ ವಯರು ಸೇರಿಸುವಾಗ ಚಾಚುವ ಹಾಗೆಯೇ. ಅಪ್ಪ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅದು ಅವಳದಲ್ಲ, ಗಿರಾಕಿಯದು. ಆಮೇಲೆ ಅದಕ್ಕಾಗಿ ನನ್ನನ್ನೇ ಬೈದಳು. “ಮೂವತ್ತ ವರ್ಷ ನಾ ಮಷೀನ್ ತುಳದೆ” ಎಂದಳು, ಯಾರಿಗೋ ಹೇಳುವಂತೆ.

ಗ್ರೂಪಿಗೆ ಸರಿಪಡಿಸಿದ ವಿಡಿಯೋ ಹಾಕಿ, ನಡೆದದ್ದೆಲ್ಲ ಬರೆದೆ. ಅದು ನಮ್ಮ ಅಪ್ಪನೇ, ನಾವು ನಕ್ಕದ್ದು ತಪ್ಪು ಎಂದೂ ಬರೆದೆ. ಆಮೇಲೆ ಶೋಕಾಚರಣೆ ಶುರುವಾಯಿತು. ಅಯ್ಯೋ ಎಡಗೈ ಬಾಸ್ ಹೋಯಿತಲ್ಲ ಎಂದು ಒಬ್ಬ. ಬಲಗೈಯದಾದರೆ ಇದು ಕಲ್ಕತ್ತೆಯ ಮಾಮೂಲು ಮಾಲು ಎಂದು ಇನ್ನೊಬ್ಬ. ಬೊರಿವಲಿಯ ಮೇಷ್ಟ್ರು, ಸೆರಗಿನ ವಿಷಯ ತಮ್ಮ ಪಠ್ಯದಲ್ಲಿರಲಿಲ್ಲ ಎಂದು ಬರೆದು ಸಂಜೆಯವರೆಗೆ ಮಾಯವಾದರು. ಅಪ್ಪನ ಬಗ್ಗೆ ಒಂದೇ ಪ್ರಶ್ನೆ ಬಂತು: ಅಂಕಲ್‌ಗೆ ಆ ಬಾಸಿನ ಸೀರಿಯಲ್ ನಂಬರ್ ನೆನಪಿದೆಯೇ ಕೇಳಿ. ಒಂದು ತಿಂಗಳು ಮುಂಚೆಯಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಅಪ್ಪ ಕೆಳಗೆ ಮೀಟರ್ ರೂಮಿನಲ್ಲಿದ್ದರು. ನಿವೃತ್ತರಾದ ಮೇಲೆ ಸೊಸಾಯ್ಟಿಯ ಎಲ್ಲರ ಫ್ಯೂಜೂ ಅವರದೇ. ನಾನು ಮೆಟ್ಟಿಲಿಳಿದು ಓಡಿದೆ. ಲಿಫ್ಟಿಗೆ ಕಾಯಲಿಲ್ಲ, ನಾವು ರಿಪೇರಿ ಮಾಡುವ ಲಿಫ್ಟನ್ನು ನಾನು ನಂಬುವುದಿಲ್ಲ. ಉಸಿರು ಬಿಡುತ್ತ ಫೋನು ಅವರ ಮುಂದೆ ಹಿಡಿದೆ.

“ಅಪ್ಪಾ, ನೀವ ಅದು. ನೀವು ಹೇಳಿದ್ದು ಖರೇ. ಚಿತ್ರ ಉಲ್ಟಾ ಇತ್ತು. ನಂದ ತಪ್ಪು.”

ಅಪ್ಪ ಕೈ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೂರು ನಿಮಿಷವನ್ನೂ ನೋಡಿ, ಮತ್ತೊಮ್ಮೆ ಹಾಕು ಎಂದರು. ಎರಡನೆಯ ಸಲ ನೋಡುವಾಗ ಅವರ ಬಲಗೈಯ ಎರಡು ಬೆರಳು ಪ್ಯಾಂಟಿನ ಮೇಲೆ ಮೆಲ್ಲಗೆ ಆಡುತ್ತಿದ್ದವು. ಸದ್ದಿಲ್ಲದ ಆ ವಿಡಿಯೋದಲ್ಲಿ ಅವರಿಗೆ ಹಾಡು ಕೇಳುತ್ತಿತ್ತು ಎಂದು ನನಗೆ ಅನಿಸಿತು. ಮುಖ ತಪ್ಪಿಸಲು ನನಗೆ ಬರುವ ಒಂದೇ ವಿದ್ಯೆಯನ್ನು ತೆಗೆದೆ: ಈ ಬಾಸಿನ ಬಿರಡೆ ನೋಡಿದಿರಾ, ಈ ಥರದ್ದು ಎರಡೇ ವರ್ಷ ಹಾಕಿದರು, ಸ್ಕ್ರೂ ಇರುವ ಜಾಗ ನೋಡಿದರೆ ಮೊದಲನೆಯ ವರ್ಷದ್ದೇ, ಅದರಲ್ಲಿ ಸಂಶಯವಿಲ್ಲ ಎಂದೆಲ್ಲ ವಟಗುಟ್ಟಿದೆ.

ಅಪ್ಪ ಫೋನು ನನ್ನ ಕೈಗಿತ್ತರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

“ಆ ಕಟಗಿ ತುಂಡು ಯಾವ ವರ್ಷ ಹುಟ್ಟಿದ್ದಂತ ಹೇಳಿದಿ. ಅದನ್ನ ಹಿಡಕೊಂಡು ನಿಂತಾನಲ್ಲ, ಅವಾ ಯಾವ ವರ್ಷ ಹುಟ್ಟ್ಯಾನ ಹೇಳು ನೋಡೂಣು.”

ಆಧಾರ್ ಕಾರ್ಡಿನಲ್ಲಿರುವ ತಾರೀಖು ಶಾಲೆಗೆ ಸೇರಿಸುವಾಗ ಮಾಸ್ತರು ಬಾಯಿಗೆ ಬಂದಂತೆ ಬರೆದದ್ದು ಎಂಬುದು ನನಗೆ ಗೊತ್ತಿತ್ತು. ನಿಜವಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.